ಲೊರೆಶೋ ಏರಿಗೆ ಹಳೆಯ ಮೋಟಾರು

ಎಲೆಕ್ಟ್ರಿಕ್ ಸೈಕಲ್ಲಿನ ಡ್ರೈವ್ ಅಂದಕೂಡಲೇ ಎಲ್ಲರ ಕಣ್ಣೂ ಮೋಟಾರಿನತ್ತ ಹೋಗುತ್ತದೆ. ಆದರೆ ಮೋಟಾರು, ಬ್ಯಾಟರಿ, ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ, ತುಳಿತದ ಬಲ ಅಳೆಯುವ ಸೆನ್ಸರು, ಇವನ್ನೆಲ್ಲ ಬೆಸೆಯುವ ಸಾಫ್ಟ್‌ವೇರು, ಇಷ್ಟೂ ಕೂಡಿದ ಒಂದು ಸಂಸಾರ ಅದು. ಕಂಪನಿ ಹೊಸ ಪೀಳಿಗೆಯನ್ನು ತಂದು ಹಳೆಯದನ್ನು ನಿಲ್ಲಿಸಿದ ದಿನ ಹಳೆಯ ಮೋಟಾರಿಗೆ ಏನೂ ಆಗುವುದಿಲ್ಲ. ಅದು ಮೊದಲಿನಂತೆಯೇ ಎಳೆಯುತ್ತದೆ. ನಿಧಾನವಾಗಿ ಬತ್ತುವುದು ಅದಕ್ಕೆ ಹೊಂದುವ ಬ್ಯಾಟರಿ, ಡಿಸ್‌ಪ್ಲೇ, ಚಾರ್ಜರ್, ಮತ್ತು ಅದರ ಮಾತು ಅರ್ಥವಾಗುವ ರಿಪೇರಿ ಯಂತ್ರ. ಹಳೆಯ ಡ್ರೈವಿನ ಸೈಕಲ್ ಕೊಳ್ಳುವವರು ತೂಗಿ ನೋಡಬೇಕಾದದ್ದು ಈ ಬತ್ತುವಿಕೆ ಎಷ್ಟು ದೂರ ಬಂದಿದೆ ಎಂಬುದನ್ನು. ಮೋಟಾರಿನ ವಯಸ್ಸು ಆಮೇಲಿನ ಮಾತು.

ಲೊರೆಶೋ ನೈರೋಬಿಯ ವಾಯವ್ಯದ ಬಡಾವಣೆ. ಒಂದು ಕಡೆ ವೈಯಾಕಿ ವೇ, ಇನ್ನೊಂದು ಕಡೆ ಲೋವರ್ ಕಬೇಟೆ ರಸ್ತೆ, ಮಗ್ಗುಲಲ್ಲಿ ಕಾಂಗೇಮಿ. ನೆಲವೆಲ್ಲ ದಿಣ್ಣೆ ಮತ್ತು ಕಣಿವೆ. ದಿಣ್ಣೆಯ ಮೇಲೆ ಮನೆ, ಕಣಿವೆಯಲ್ಲಿ ತೊರೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು. ಈ ಎತ್ತರದ ತೆಳು ಗಾಳಿಯಲ್ಲಿ ಪೆಟ್ರೋಲ್ ಎಂಜಿನ್ ಸೊರಗುತ್ತದೆ, ತುಳಿಯುವವರಿಗೂ ಏದುಸಿರು ಬರುತ್ತದೆ. ವಿದ್ಯುತ್ ಮೋಟಾರಿಗೆ ಗಾಳಿಯ ಹಂಗಿಲ್ಲ. ಹಾಗಾಗಿ ಹತ್ತು ವರ್ಷ ಹಳೆಯ ಮೋಟಾರು ಕೂಡ ಇಲ್ಲಿ ತನ್ನ ಪೂರ್ತಿ ಬಲ ಕೊಡುತ್ತದೆ. ಗಿಗಿರಿಯ ವಿಶ್ವಸಂಸ್ಥೆ ಕಚೇರಿಗಳೂ ರಾಯಭಾರ ಕಚೇರಿಗಳೂ ಇರುವ ಊರಾದ್ದರಿಂದ ಯುರೋಪಿನಿಂದ ಬಂದ ಸೈಕಲ್‌ಗಳು ಮನೆ ಖಾಲಿ ಮಾಡಿ ಹೊರಡುವವರ ಸಾಮಾನಿನ ಜೊತೆ ಮಾರಾಟಕ್ಕೆ ಬರುತ್ತವೆ. ಅಂಥ ಸೈಕಲ್ಲಿನ ಕ್ರ್ಯಾಂಕ್ ಬಳಿ ಬಾಷ್ ಹೆಸರು ಕಾಣುವ ಸಂಭವ ಹೆಚ್ಚು.

ಬಾಷ್ ಕನ್ನಡಿಗರಿಗೆ ಹೊಸಬನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಅದೇ ಮನೆತನದ್ದು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಬಡಾವಣೆ ಮಾತ್ರ ಇಂದಿಗೂ ಮೈಕೋ ಲೇಔಟ್. ಅದೇ ಬಾಷ್ ಜರ್ಮನಿಯಲ್ಲಿ 2011ರ ಮಾದರಿಗಳಿಗೆ ಮೊದಲ ಸೈಕಲ್ ಮೋಟಾರು ಕೊಟ್ಟಿತು. ಈಗ ಅದನ್ನು ಕ್ಲಾಸಿಕ್ ಲೈನ್ ಎನ್ನುತ್ತಾರೆ. 2014ರ ಮಾದರಿಗಳಿಗೆ ಆ್ಯಕ್ಟಿವ್ ಲೈನ್, ಪರ್ಫಾರ್ಮೆನ್ಸ್ ಲೈನ್ ಎಂಬ ಎರಡನೆಯ ಪೀಳಿಗೆ ಬಂತು. ಆಮೇಲಿನ ವರ್ಷಗಳಲ್ಲಿ ಮೋಟಾರು ಮತ್ತೆರಡು ಸಲ ಮೈ ಬದಲಿಸಿದರೂ ಬ್ಯಾಟರಿ ಮತ್ತು ಡಿಸ್‌ಪ್ಲೇಗಳ ಮಾತುಕತೆಯ ಭಾಷೆ ಹೆಚ್ಚು ಬದಲಾಗಲಿಲ್ಲ. ದೊಡ್ಡ ಬಿರುಕು ಬಿಟ್ಟದ್ದು 2021ರಲ್ಲಿ. ಆ ವರ್ಷ ಬಂದ ಸ್ಮಾರ್ಟ್ ಸಿಸ್ಟಮ್‌ಗೆ ಹಳೆಯ ಬ್ಯಾಟರಿ ಹೊಂದುವುದಿಲ್ಲ, ಹಳೆಯ ಮೋಟಾರಿಗೆ ಅದರ ಬ್ಯಾಟರಿ ಹೊಂದುವುದಿಲ್ಲ. ಹೀಗೆ ಹಳೆಯದು ಅನ್ನುವುದರಲ್ಲೇ ಎರಡು ಬಗೆ. 2013ರವರೆಗಿನ ಕ್ಲಾಸಿಕ್ ಬೇರೆ, 2014ರಿಂದ 2021ರ ನಡುವಿನದು ಬೇರೆ. ಕ್ಲಾಸಿಕ್ ಮಾದರಿಗೆ ಅದರದೇ ಆಕಾರದ ಬ್ಯಾಟರಿ ಬೇಕು, 2014ರ ನಂತರದ ಬ್ಯಾಟರಿ ಅದರಲ್ಲಿ ಕೂರುವುದೇ ಇಲ್ಲ. ಪುಕ್ಕಟೆ ಸಿಕ್ಕರೂ ನೈರೋಬಿಯಲ್ಲಿ ಅದು ಬೇಡ. ನಡುವಿನ ಕಾಲದ್ದು ಕೊಳ್ಳಲು ತಕ್ಕ ವಸ್ತು. 2016ರ ಮಾದರಿಗಳೊಂದಿಗೆ ಬಂದ ಪವರ್‌ಪ್ಯಾಕ್ 500 ಬ್ಯಾಟರಿಯನ್ನು 2014ರ ಸೈಕಲ್ಲಿಗೂ ಹಾಕಬಹುದು.

ಎರಡನೆಯ ಪೀಳಿಗೆಯನ್ನು ಗುರುತಿಸಲು ಪುಸ್ತಕ ಬೇಡ, ಬಗ್ಗಿ ನೋಡಿದರೆ ಸಾಕು. ಮಾಮೂಲಿ ಸೈಕಲ್ಲಿನ ಊಟದ ತಟ್ಟೆಯಂಥ ಚೈನ್‌ವೀಲ್ ಇರುವಲ್ಲಿ ಬಿಸ್ಕತ್ತಿನಷ್ಟು ಚಿಕ್ಕ ಹಲ್ಲುಚಕ್ರ ಕಾಣುತ್ತದೆ. ಪೆಡಲ್ ಒಂದು ಸುತ್ತು ಬಂದರೆ ಆ ಚಕ್ರ ಎರಡೂವರೆ ಸುತ್ತು ಬರುತ್ತದೆ, ನಡುವೆ ಮೋಟಾರಿನ ಹೊಟ್ಟೆಯೊಳಗೆ ಗೇರು ಕೂತಿದೆ. ಹಾಗಾಗಿ 15 ಹಲ್ಲಿನ ಚಕ್ರ 37–38 ಹಲ್ಲಿನ ಚೈನ್‌ವೀಲ್‌ನ ಕೆಲಸ ಮಾಡುತ್ತದೆ. ಈ ಜಾಣತನಕ್ಕೆ ಎರಡು ಕಡೆ ಬೆಲೆ ತೆರಬೇಕು. ಯುರೋಪಿನ ನಿಯಮದಂತೆ ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೆ ಮೋಟಾರು ನೆರವು ನಿಲ್ಲಿಸುತ್ತದೆ. ಆಗ ತುಳಿಯುವವರು ಆ ಗೇರನ್ನೂ ಹೊರಬೇಕಾಗಿ ಕಾಲಿಗೆ ಸಣ್ಣ ಎಳೆತ ಹತ್ತುತ್ತದೆ. ಇನ್ನೊಂದು, ಚಕ್ರದ ಹಿಂದಿನ ಬೇರಿಂಗ್‌ಗೆ ನೀರು ಮತ್ತು ಕೆಸರಿನ ಕಾಟ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಲೊರೆಶೋದ ಕೆಮ್ಮಣ್ಣು ಮಲೆನಾಡಿನ ಮಣ್ಣಿನಂತೆಯೇ ಅಂಟಿಕೊಳ್ಳುತ್ತದೆ. ಪ್ರೆಶರ್ ಪಂಪಿನಿಂದ ತೊಳೆದು ತೊಳೆದು ಥಳಥಳಿಸುವ ಸೈಕಲ್ ಕಂಡರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು. ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದಾಗ ಸಡಿಲ ಕಂಡರೆ, ನಿಧಾನಕ್ಕೆ ತಿರುಗಿಸಿದಾಗ ಮರಳು ಅರೆದಂತೆ ಕೇಳಿದರೆ ಬೇರಿಂಗ್ ಮುಗಿದಿದೆ ಎಂದೇ ತಿಳಿಯಬೇಕು. ಬೇರಿಂಗ್ ಬದಲಿಸುವುದು ಅಸಾಧ್ಯದ ಕೆಲಸವಲ್ಲ. ಒಳ್ಳೆಯ ಫುಂಡಿ, ಅಂದರೆ ಇಲ್ಲಿನ ಮೇಸ್ತ್ರಿ, ಅದನ್ನು ಮಾಡಬಲ್ಲ.

ಬ್ಯಾಟರಿಯದು ಅಷ್ಟು ಸುಲಭದ ಕತೆಯಲ್ಲ. ಮೊದಲು ಅದರ ಬೆನ್ನಿನ ಚೀಟಿ ಓದಬೇಕು. ಅಲ್ಲಿ ವೋಲ್ಟೇಜು, ಆಂಪಿಯರ್-ಅವರ್, ವ್ಯಾಟ್-ಅವರ್ ಅಚ್ಚಾಗಿರುತ್ತವೆ. ಬರೀ ಹೆಸರು ನಂಬಿದರೆ ಮೋಸ. ಪವರ್‌ಟ್ಯೂಬ್ 625 ಎಂಬ ಬ್ಯಾಟರಿ ಹಳೆಯ ವ್ಯವಸ್ಥೆಗೂ ಇದೆ, ಸ್ಮಾರ್ಟ್ ಸಿಸ್ಟಮ್‌ಗೂ ಇದೆ, ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಗುಂಡಿ ಒತ್ತಿದಾಗ ಹೊತ್ತುವ ಐದು ಹಸಿರು ದೀಪಗಳು ಈಗ ಎಷ್ಟು ಚಾರ್ಜ್ ಇದೆ ಎಂದಷ್ಟೇ ಹೇಳುತ್ತವೆ. ಬ್ಯಾಟರಿಯಲ್ಲಿ ಇನ್ನೆಷ್ಟು ಕಸುವು ಉಳಿದಿದೆ ಎಂಬುದು ಅವುಗಳಿಂದ ತಿಳಿಯದು. ಐದೂ ಹೊತ್ತಿದ ಮುದಿ ಬ್ಯಾಟರಿ ಅರ್ಧ ದಾರಿಗೆ ಕೈಕೊಟ್ಟೀತು. ನಿಜವಾದ ಲೆಕ್ಕ ಇರುವುದು ಡೀಲರನ ಕಂಪ್ಯೂಟರಿನಲ್ಲಿ. ಎಷ್ಟು ಪೂರ್ತಿ ಚಾರ್ಜ್ ಸುತ್ತು ಮುಗಿದಿವೆ ಎಂಬ ವರದಿಯನ್ನು ಅದು ಮುದ್ರಿಸಿಕೊಡುತ್ತದೆ. ಬಾಷ್ ಬ್ಯಾಟರಿಗೆ ಕೊಡುವ ಖಾತರಿ ಎರಡು ವರ್ಷ ಅಥವಾ 500 ಪೂರ್ತಿ ಸುತ್ತು, ಯಾವುದು ಮೊದಲೋ ಅದು. ಸೈಕಲ್ ಇನ್ನೂ ಯುರೋಪಿನಲ್ಲೇ ಇದ್ದು ಹಡಗಿನಲ್ಲಿ ಬರುವುದಿದ್ದರೆ, ಹತ್ತುವ ಮೊದಲೇ ಆ ಒಂದು ಹಾಳೆ ಕೇಳಿ ತೆಗೆದುಕೊಳ್ಳುವುದು ಮೇಲು.

ಹಾಗೆಂದು ಕಸುವು ಕುಂದಿದ ಬ್ಯಾಟರಿಯನ್ನು ಕಂಡು ಗಾಬರಿಯಾಗಬೇಕಿಲ್ಲ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋ ಎಂದಿಟ್ಟುಕೊಂಡರೆ ಆ ಭಾರವನ್ನು 100 ಮೀಟರ್ ಮೇಲೆತ್ತಲು ಬೇಕಾದದ್ದು ಸುಮಾರು 27 ವ್ಯಾಟ್-ಅವರ್. ಅದರಲ್ಲಿ ಅರ್ಧ ಕಾಲಿನ ಪಾಲು, ಅರ್ಧ ಮೋಟಾರಿನ ಪಾಲು. ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೋಗುವುದು 17–18 ವ್ಯಾಟ್-ಅವರ್. 400ರ ಬ್ಯಾಟರಿ ಸವೆದು 280ಕ್ಕೆ ಇಳಿದಿದ್ದರೂ ಬರೀ ಏರಿನ ಲೆಕ್ಕದಲ್ಲಿ 1,500 ಮೀಟರಿಗೆ ಮೋಸವಿಲ್ಲ. ಸಮತಟ್ಟು ದಾರಿಯ ಖರ್ಚು ಕಳೆದರೂ ಲೊರೆಶೋದಿಂದ ವೆಸ್ಟ್‌ಲ್ಯಾಂಡ್ಸ್‌ಗೆ ಹೋಗಿ ಬರುವವರಿಗೆ ಅದು ಧಾರಾಳ. ಇಲ್ಲಿನ ಹವೆಯೂ ಬ್ಯಾಟರಿಗೆ ತಾಯಿಯಂತೆ. ಜರ್ಮನಿಯ ಹಿಮವಿಲ್ಲ, ಕಲಬುರಗಿಯ ಬೇಸಿಗೆಯೂ ಇಲ್ಲ.

ಬದಲಿ ಬ್ಯಾಟರಿಯ ಮಾತು ಬಂದಾಗ ಹಲವು ಕುಟುಂಬಗಳು ಎಡವುವುದು ಒಂದೇ ಕಡೆ. ಮಗನೋ ಸೊಸೆಯೋ ಮ್ಯೂನಿಕ್‌ನಿಂದ ಬರುವಾಗ ಸೂಟ್‌ಕೇಸಿನಲ್ಲಿ ತರಲಿ ಎಂದುಕೊಳ್ಳುತ್ತಾರೆ. ಅದು ಆಗದ ಕೆಲಸ. ಪ್ರಯಾಣಿಕರ ವಿಮಾನದಲ್ಲಿ 100 ವ್ಯಾಟ್-ಅವರ್ ಒಳಗಿನ ಲಿಥಿಯಂ ಬ್ಯಾಟರಿಗೆ ಅಡ್ಡಿಯಿಲ್ಲ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರಾಚೆಗಿನದು ಕೈಚೀಲದಲ್ಲೂ ಲಗೇಜಿನಲ್ಲೂ ನಿಷಿದ್ಧ. ನಡುವಿನ ಕಾಲದ ಬಾಷ್ ಬ್ಯಾಟರಿಗಳು 300ರಿಂದಲೇ ಶುರು. ಅವು ಅಪಾಯಕಾರಿ ಸರಕಿನ 9ನೇ ವರ್ಗದಲ್ಲಿ, ತಕ್ಕ ಕಾಗದಪತ್ರದೊಂದಿಗೆ, ಸರಕಾಗಿಯೇ ಬರಬೇಕು, ಬಹುಮಟ್ಟಿಗೆ ಹಡಗಿನಲ್ಲಿ ಮೊಂಬಾಸಾಕ್ಕೆ. ಆ ಸಾಗಣೆಯ ಖರ್ಚು ಮತ್ತು ಕಾಯುವಿಕೆಯನ್ನೂ ಸೇರಿಸಿಯೇ ಹಳೆಯ ಸೈಕಲ್ಲಿನ ಬೆಲೆ ಕಟ್ಟಬೇಕು.

ಹಾಗಾದರೆ ಹಳೆಯ ಪೆಟ್ಟಿಗೆ ಬಿಚ್ಚಿ ಒಳಗೆ ಹೊಸ ಸೆಲ್ ತುಂಬಿದರೆ? ಫುಂಡಿಯ ಕೈ ಅಷ್ಟು ಮಾಡಬಲ್ಲದು. ಆದರೆ ಪೆಟ್ಟಿಗೆಯೊಳಗಿನ ಕಾವಲು ಸರ್ಕೀಟು ಅನೇಕ ಬ್ರಾಂಡ್‌ಗಳಲ್ಲಿ ಸೆಲ್ ಕಳಚಿದ ಕೂಡಲೇ ಬೀಗ ಹಾಕಿಕೊಳ್ಳುತ್ತದೆ. ಮತ್ತೆ ಹೊಸ ಸೆಲ್ ಇಟ್ಟರೂ ಮೋಟಾರಿನೊಡನೆ ಮಾತಾಡುವುದಿಲ್ಲ. ಕಂಪನಿ ಬದುಕಿರುವಾಗ ಇದು ತಲೆನೋವು, ಕಂಪನಿಯೇ ಮುಳುಗಿದರೆ ಕೇಡು. ಕೆನಡಾದ ಬಯೊನೆಕ್ಸ್ 2018ರಲ್ಲಿ ಬಾಗಿಲು ಹಾಕಿದಾಗ ಅದರ ಹಬ್ ಮೋಟಾರು ಹಾಕಿಸಿಕೊಂಡಿದ್ದವರೆಲ್ಲ ಅನಾಥರಾದರು, ಅದರ ಬ್ಯಾಟರಿಗೂ ಮೋಟಾರಿಗೂ ತಮ್ಮದೇ ಗುಟ್ಟಿನ ಭಾಷೆಯಿತ್ತು. 2023ರ ಜುಲೈಯಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್‌ಮೂಫ್ ದಿವಾಳಿಯಾದಾಗ ಸೈಕಲ್ಲಿನ ಡಿಜಿಟಲ್ ಕೀಲಿ ಕೈತಪ್ಪೀತೆಂದು ಸವಾರರು ಹೆದರಿದರು. ಕೀಲಿ ಉಳಿಸಿಕೊಳ್ಳುವ ಆ್ಯಪ್ ಒಂದನ್ನು ಬಿಟ್ಟದ್ದು ಪೈಪೋಟಿಯ ಕೌಬಾಯ್ ಕಂಪನಿ. ವ್ಯಾನ್‌ಮೂಫ್ ಆಮೇಲೆ ಹೊಸ ಒಡೆಯರನ್ನು ಕಂಡಿತು.

ಇದಕ್ಕೆ ಎದುರಾದ ಉದಾಹರಣೆ ಬೆಂಗಳೂರಿನದೇ. 2001ರಲ್ಲಿ ಬಂದ ರೇವಾ ಕಾರು ಎಂಟು ಆರು-ವೋಲ್ಟಿನ ಸೀಸದ ಬ್ಯಾಟರಿಗಳಿಂದ ಓಡುತ್ತಿತ್ತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಓಟ ಕಡಿಮೆ, ತೂಕ ಹೆಚ್ಚು, ತಂತ್ರ ಎಂದೋ ಹಳತಾಯಿತು. ಆದರೆ ಆ ಬ್ಯಾಟರಿಗಳು ಯಾವ ಗುಟ್ಟನ್ನೂ ಬಚ್ಚಿಟ್ಟುಕೊಂಡಿರಲಿಲ್ಲ. ಅಳತೆ ಹೊಂದುವ ಬ್ಯಾಟರಿ ತಂದು ತಂತಿ ಜೋಡಿಸಿದರೆ ಕಾರು ಏಳುತ್ತಿತ್ತು. ಹಳೆಯ ಡ್ರೈವ್‌ಗಳಲ್ಲಿ ಬಾಳುವುದು ಯಾವುದು, ಬೀಳುವುದು ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಆ ಪಾಠವನ್ನು ಸೈಕಲ್ಲಿಗೆ ತಂದರೆ, ಹಿಂಚಕ್ರದ ಹಬ್‌ನಲ್ಲಿ ಮೋಟಾರಿರುವ, ಸಾಮಾನ್ಯ ಕಂಟ್ರೋಲರಿನ 36 ವೋಲ್ಟ್ ಸೈಕಲ್ಲಿಗೆ ನೈರೋಬಿಯಲ್ಲಿ ಹೆಚ್ಚು ಆಯುಸ್ಸು. ಅದಕ್ಕೆ ಬೇಕಾದದ್ದು ಸರಿಯಾದ ವೋಲ್ಟೇಜು ಮತ್ತು ಎರಡು ದಪ್ಪ ತಂತಿ, ಅಷ್ಟೇ. ಏರಿನಲ್ಲಿ ಅದು ಕ್ರ್ಯಾಂಕ್ ಮೋಟಾರಿನ ಸಮಕ್ಕೆ ನಿಲ್ಲದು ಎಂಬುದೂ ನಿಜ. ಕ್ರ್ಯಾಂಕ್ ಮೋಟಾರು ಸೈಕಲ್ಲಿನ ಗೇರುಗಳ ಮೂಲಕವೇ ಎಳೆಯುವುದರಿಂದ ಕಡಿದಾದ ದಿಣ್ಣೆಯಲ್ಲಿ ಸಣ್ಣ ಗೇರಿಗೆ ಇಳಿದು ನಿರಾಳವಾಗಿ ಸುತ್ತುತ್ತದೆ. ಹಬ್ ಮೋಟಾರು ಅಲ್ಲಿ ಬಿಸಿಯಾಗುತ್ತದೆ. ದಿನವೂ ಕಣಿವೆ ದಾಟಬೇಕಾದವರಿಗೆ ಹಳೆಯ ಬಾಷ್, ದಿಣ್ಣೆಯ ಮೇಲೆಯೇ ಅಂಗಡಿ-ಶಾಲೆ ಎಂದು ಓಡಾಡುವವರಿಗೆ ಹಬ್ ಮೋಟಾರು ಸರಿ. ಊರಿನ ಬೋಡಾಬೋಡಾಗಳಲ್ಲಿ, ಅಂದರೆ ಬಾಡಿಗೆ ಮೋಟಾರ್‌ಬೈಕ್‌ಗಳಲ್ಲಿ, ಈಗ ರೋಮ್, ಆ್ಯಂಪರ್‌ಸ್ಯಾಂಡ್ ಕಂಪನಿಗಳ ವಿದ್ಯುತ್ ಬೈಕ್‌ಗಳೂ ಕಾಣುತ್ತವೆ. ಆ್ಯಂಪರ್‌ಸ್ಯಾಂಡ್‌ನದು ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ಪಡೆಯುವ ಏರ್ಪಾಡು. ಅಂಥ ಬೈಕನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡರೆ ಬ್ಯಾಟರಿ ಕೊಂಡಂತಾಗುವುದಿಲ್ಲ. ಆ ಕಂಪನಿಯ ಜಾಲ ಇರುವ ತನಕ ಮಾತ್ರ ಬೈಕು ಬೈಕು.

ಕೊಳ್ಳುವ ಹೊತ್ತಿಗೆ ಸಣ್ಣ ವಸ್ತುಗಳ ಮೇಲೂ ಕಣ್ಣಿರಬೇಕು. ಇಂಟೂವಿಯಾ ಎಂಬ ಹಳೆಯ ಡಿಸ್‌ಪ್ಲೇಯನ್ನು ಹ್ಯಾಂಡಲಿನಿಂದ ಕಳಚಬಹುದು. ಅದು ಕಳೆದುಹೋಗಿದ್ದರೆ ಮೋಟಾರು ಏಳುವುದೇ ಇಲ್ಲ. ಒಟ್ಟು ಓಡಿದ ಕಿಲೋಮೀಟರ್ ಅದರ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಬ್ಯಾಟರಿ ಬೀಗದ ಎರಡೂ ಕೀಲಿ ಕೇಳಬೇಕು, ಕೀಲಿಯ ಮೇಲಿನ ನಂಬರ್ ಬರೆದಿಟ್ಟುಕೊಳ್ಳಬೇಕು. ಖರೀದಿಯ ರಸೀದಿ ಇಲ್ಲದ ಸೈಕಲ್ಲಿಗೆ ಕೈ ಹಾಕಬಾರದು. ಪರೀಕ್ಷೆಯ ಸವಾರಿ ಸಮತಟ್ಟಿನಲ್ಲಿ ಬೇಡ. ಕಣಿವೆಯ ತಳದಿಂದ ದಿಣ್ಣೆಯ ತುದಿಯವರೆಗೆ, ಹೆಚ್ಚಿನ ನೆರವಿನಲ್ಲಿ, ಬ್ಯಾಟರಿಯಲ್ಲಿ ಎರಡೇ ದೀಪ ಉಳಿದಿರುವಾಗ ತುಳಿದು ನೋಡಬೇಕು. ಮುದಿ ಸೆಲ್‌ಗಳ ನಿಜ ಬಯಲಾಗುವುದು ಅಲ್ಲಿ. ಭಾರ ಬಿದ್ದಾಗ ವೋಲ್ಟೇಜು ಕುಸಿದು, ದೀಪ ಇದ್ದಂತೆಯೇ ಮೋಟಾರು ತಟ್ಟನೆ ನಿಂತರೆ ಆ ಬ್ಯಾಟರಿಗೆ ಬೆಲೆಯಿಲ್ಲ. ಆಗ ಹೊಸ ಬ್ಯಾಟರಿಯ ಬೆಲೆಯನ್ನೂ ಅದರ ಸಾಗಣೆಯನ್ನೂ ಕೇಳಿದ ಬೆಲೆಯಿಂದ ಕಳೆದು ಉಳಿದದ್ದನ್ನು ಕೊಡಬೇಕು. ಎಷ್ಟೋ ಸಲ ಏನೂ ಉಳಿಯುವುದಿಲ್ಲ.

ಮನೆಗೆ ಬಂದ ಮೇಲೆ ಯುರೋಪಿನ ಚಾರ್ಜರಿಗೆ ಪ್ಲಗ್ ಮಾತ್ರ ಹೊಂದಿಸಬೇಕು. ಕೀನ್ಯಾದ್ದು 240 ವೋಲ್ಟ್, ಬ್ರಿಟನ್ನಿನಂಥ ಚೌಕ ಮೂರು ಪಿನ್ನಿನ ಸಾಕೆಟ್. ಕರೆಂಟು ಹೋಗಿ ಬರುವಾಗಿನ ಹೊಡೆತಕ್ಕೆ ಇಲ್ಲಿನ ಮನೆಗಳಲ್ಲಿ ಬಳಸುವ ಫ್ರಿಜ್ ಗಾರ್ಡ್ ನಡುವೆ ಇಟ್ಟರೆ ಬದಲಿ ಸಿಗದ ಚಾರ್ಜರು ಉಳಿಯುತ್ತದೆ. 4 ಆಂಪಿಯರಿನ ಚಾರ್ಜರಿನಲ್ಲಿ 500ರ ಬ್ಯಾಟರಿ ತುಂಬಲು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಎಚ್ಚರವಿರುವ ಹೊತ್ತಿನಲ್ಲಿ, ಬಾಗಿಲಿನಿಂದ ದೂರ, ಸಿಮೆಂಟ್ ನೆಲದ ಮೇಲಿಟ್ಟು ತುಂಬುವುದು ಕ್ಷೇಮ. ಡಿಸೆಂಬರ್ ರಜೆಯಲ್ಲಿ ಊರಿಗೆ ಹೊರಡುವವರು ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಖಾಲಿಯಾಗಿಯೂ ಬಿಡಬಾರದು. ಎರಡು ಮೂರು ದೀಪದ ಮಟ್ಟಕ್ಕೆ ತಂದು, ಸೈಕಲ್ಲಿನಿಂದ ಕಳಚಿ, ಒಣಗಿದ ತಂಪು ಕೋಣೆಯಲ್ಲಿಟ್ಟು ಹೋದರೆ ಜನವರಿಯಲ್ಲಿ ಅದೇ ದೀಪಗಳು ಹೊತ್ತುತ್ತವೆ.