ಕೌದಿಯ ನಡುವೆ ಯಾರು?

ಯಾವ ತುಂಡನ್ನು ನಡುವೆ ಇಡಬೇಕು, ಯಾವುದನ್ನು ಅಂಚಿಗೆ ಸರಿಸಬೇಕು ಎಂಬುದು ಕೌದಿ ಹೊಲಿಯುವವರಿಗೆ ಚೆನ್ನಾಗಿ ಗೊತ್ತು. ಐತಿಹಾಸಿಕ ಕಾದಂಬರಿಕಾರರ ಮುಂದಿರುವ ಪ್ರಶ್ನೆಯೂ ಇದೇ. ಅಮೆರಿಕದ ಜೆನಿಫರ್ ಕಿಯಾವೆರಿನಿ ಎರಡೂ ಕಸುಬು ಬಲ್ಲವರು. 1999ರಲ್ಲಿ 'ದಿ ಕ್ವಿಲ್ಟರ್ಸ್ ಅಪ್ರೆಂಟಿಸ್' ಕಾದಂಬರಿಯೊಂದಿಗೆ ಬರವಣಿಗೆ ಆರಂಭಿಸಿದ ಅವರು ಕೌದಿಗಳನ್ನು ವಿನ್ಯಾಸಗೊಳಿಸುತ್ತಾರೆ, ಅವುಗಳ ಮಾದರಿ ಪುಸ್ತಕಗಳನ್ನೂ ತಂದಿದ್ದಾರೆ.

2013ರಲ್ಲಿ ಬಂದ ಅವರ 'ಮಿಸೆಸ್ ಲಿಂಕನ್ಸ್ ಡ್ರೆಸ್‌ಮೇಕರ್' ಎಲಿಜಬೆತ್ ಕೆಕ್ಲಿಯವರ ಕಥೆ. 1818ರಲ್ಲಿ ವರ್ಜೀನಿಯಾದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಕೆಕ್ಲಿ, 1855ರಲ್ಲಿ 1,200 ಡಾಲರ್ ತೆತ್ತು ತಮ್ಮ ಮತ್ತು ಮಗನ ಬಿಡುಗಡೆ ಪಡೆದರು. ಹಿತೈಷಿಗಳಿಂದ ತಂದ ಆ ಸಾಲವನ್ನು ಬಟ್ಟೆ ಹೊಲಿದೇ ತೀರಿಸಿದರು. ಮುಂದೆ ಅಧ್ಯಕ್ಷ ಲಿಂಕನ್‌ರ ಪತ್ನಿ ಮೇರಿಯವರಿಗೆ ಉಡುಪು ಹೊಲಿಯುತ್ತಾ ಅವರ ಆಪ್ತರಾದರು. ಮಗ 1861ರಲ್ಲಿ ಅಂತರ್ಯುದ್ಧದಲ್ಲಿ ಮಡಿದ.

ಬಟ್ಟೆ, ಅಳತೆ, ಹೊಲಿಗೆಗಳ ವಿಷಯ ಬಂದಾಗಲೆಲ್ಲ ಈ ಕಾದಂಬರಿ ಜೀವ ತಳೆಯುತ್ತದೆ. ಕೈಕೆಲಸದ ಘನತೆಯನ್ನು ಲೇಖಕಿ ಬಲ್ಲರು. ಆದರೆ ಶೀರ್ಷಿಕೆಯನ್ನೇ ನೋಡಿ: ಅಲ್ಲಿ ಯಜಮಾನಿಯ ಹೆಸರಿದೆ, ಹೊಲಿದವರ ಹೆಸರಿಲ್ಲ. ಕಥೆಯೂ ಹಾಗೆಯೇ. ಗುಲಾಮಗಿರಿಯ ವರ್ಷಗಳು ಬೇಗ ಸರಿದುಹೋಗುತ್ತವೆ. ಪುಟಗಳನ್ನು ಶ್ವೇತಭವನ ತುಂಬಿಕೊಳ್ಳುತ್ತದೆ. ಕೆಕ್ಲಿ ಹಲವೆಡೆ ಮೇರಿಯವರ ದುಃಖಕ್ಕೆ ಸಾಕ್ಷಿಯಾಗಿ ಮಾತ್ರ ನಿಲ್ಲುತ್ತಾರೆ.

1868ರಲ್ಲಿ ಕೆಕ್ಲಿಯವರೇ ಬರೆದ ಆತ್ಮಕಥೆಯಲ್ಲೂ ಶ್ವೇತಭವನಕ್ಕೇ ಹೆಚ್ಚು ಪುಟಗಳಿವೆಯಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಆ ಪುಸ್ತಕದ ಉಪಶೀರ್ಷಿಕೆಯಲ್ಲಿ ಮೂವತ್ತು ವರ್ಷಗಳ ಗುಲಾಮಗಿರಿ ಮೊದಲು ಬರುತ್ತದೆ, ಶ್ವೇತಭವನದ ನಾಲ್ಕು ವರ್ಷಗಳು ಆಮೇಲೆ. ಆ ಕಾಲದಲ್ಲಿ ಕಪ್ಪು ಮಹಿಳೆಯೊಬ್ಬರಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಅವಕಾಶವಿರಲಿಲ್ಲ. ಹೇಳಿದಷ್ಟಕ್ಕೇ ಮೇರಿಯವರ ಸ್ನೇಹ ಮುರಿಯಿತು, ಗಿರಾಕಿಗಳೂ ದೂರವಾದರು. ಅವರು ನುಂಗಿಕೊಂಡ ಮಾತುಗಳನ್ನು ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಇಂದಿನ ಕಾದಂಬರಿಕಾರ್ತಿಗೆ ಇತ್ತು. ಕಿಯಾವೆರಿನಿ ಅದನ್ನು ಸಾಕಷ್ಟು ಬಳಸಿಕೊಂಡಿಲ್ಲ.

ಇಷ್ಟಾದರೂ ಕೃತಿ ಓದಬೇಕಾದದ್ದೇ. ಮರೆತುಹೋಗುತ್ತಿದ್ದ ಹೆಸರೊಂದನ್ನು ಅದು ಸಾವಿರಾರು ಮನೆಗಳಿಗೆ ಮುಟ್ಟಿಸಿದೆ.

ಓಹಿಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಒಂದು ರೇಷ್ಮೆ ಕೌದಿಯಿದೆ. ಮೇರಿಯವರ ಉಡುಪುಗಳ ತುಂಡುಗಳಿಂದ ಕೆಕ್ಲಿ ಅದನ್ನು ಹೊಲಿದರೆಂದು ನಂಬಲಾಗಿದೆ. ಬಟ್ಟೆ ಯಜಮಾನಿಯದ್ದು. ಆದರೆ ನಟ್ಟನಡುವೆ ಕಸೂತಿಯಲ್ಲಿ ಮೂಡಿರುವುದು ಯಜಮಾನಿಯ ಹೆಸರಲ್ಲ, 'ಲಿಬರ್ಟಿ' ಎಂಬ ಪದ. ನಡುವೆ ಏನಿರಬೇಕೆಂದು ಆ ಕೈಗಳಿಗೆ ಗೊತ್ತಿತ್ತು.