ಕಣ್ಣಿಗೆ ಹಾನಿ: ಎಷ್ಟು ಮಾತ್ರೆಗೆ, ಎಷ್ಟು ಮಂದಿಗೆ?

ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯಿಂದ ಕಣ್ಣಿಗೆ ಹಾನಿಯಾಗಬಹುದು ಎಂಬ ಎಚ್ಚರಿಕೆಯನ್ನು ಆರೋಗ್ಯ ಅಂಕಣಗಳಲ್ಲಿ ನೀವು ಓದಿರಬಹುದು. ಮಾತು ಸುಳ್ಳಲ್ಲ. ಆದರೆ ಅದರಲ್ಲಿ ಅಳತೆಯೇ ಇಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಮಹಿಳೆಯರು ಬಹಳ. ಅವರಿಗೆ ಕಣ್ಣು ಮಂಜಾದರೆ ಸಂಪಾದನೆಯೇ ನಿಂತಂತೆ. ಅಂಥವರೊಬ್ಬರು ಇದನ್ನೋದಿ ಹೆದರಿ ಮಾತ್ರೆ ಬಿಟ್ಟರೆ?

ಬಿಟ್ಟರೆ ಆಗುವ ನಷ್ಟ ದೊಡ್ಡದು. ಈಸ್ಟ್ರೊಜನ್ ಗ್ರಾಹಕಗಳಿರುವ ಗಡ್ಡೆಯಾದರೆ, 5 ವರ್ಷಗಳ ಟ್ಯಾಮಾಕ್ಸಿಫೆನ್ ಮುಂದಿನ 15 ವರ್ಷಗಳಲ್ಲಿ ಆ ಕ್ಯಾನ್ಸರಿನಿಂದಾಗುವ ಸಾವನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸುತ್ತದೆ.

ಈಗ ಕಣ್ಣಿನ ಲೆಕ್ಕ. ಅಕ್ಷಿಪಟಲದಲ್ಲಿ ಹರಳಿನಂಥ ಕಣಗಳು ಕೂಡುವುದು 1978ರಲ್ಲಿ ವರದಿಯಾಯಿತು. ಆ ನಾಲ್ವರು ರೋಗಿಗಳು ಸೇವಿಸಿದ್ದ ಔಷಧದ ಮೊತ್ತ ತಲಾ 90 ಗ್ರಾಮಿಗೂ ಹೆಚ್ಚು. ಇಂದಿನ ವಾಡಿಕೆ ದಿನಕ್ಕೆ 20 ಮಿಲಿಗ್ರಾಂ. ನೀವೇ ಗುಣಿಸಿ ನೋಡಿ: 5 ವರ್ಷಕ್ಕೆ 36.5 ಗ್ರಾಂ, 10 ವರ್ಷಕ್ಕೆ 73 ಗ್ರಾಂ. ಇಷ್ಟು ಕಡಿಮೆ ಮೊತ್ತದಲ್ಲೂ ಅಪರೂಪಕ್ಕೆ ಅಕ್ಷಿಪಟಲ ಕೆಟ್ಟದ್ದುಂಟು. ಆದ್ದರಿಂದ ಅಪಾಯ ಸೊನ್ನೆ ಎನ್ನುವುದೂ ತಪ್ಪೇ.

ಪೊರೆಯ ವಿಚಾರದಲ್ಲಿ ಅಂಕಣಕಾರರು ಇನ್ನೂ ಉದಾಸೀನರು. 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 13,388 ಮಹಿಳೆಯರಿದ್ದರು. ಹುಸಿಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 22 ಮಂದಿಗೆ ಪೊರೆ ಬಂದರೆ, ಟ್ಯಾಮಾಕ್ಸಿಫೆನ್ ನುಂಗಿದವರಲ್ಲಿ ಸುಮಾರು 25 ಮಂದಿಗೆ ಬಂತು. ಇದನ್ನೇ 'ಶೇಕಡಾ 14 ಹೆಚ್ಚಳ' ಎಂದು ಬರೆಯಬಹುದು, 'ಸಾವಿರಕ್ಕೆ ಮೂವರು ಹೆಚ್ಚು' ಎಂದೂ ಬರೆಯಬಹುದು. ಎರಡೂ ಸರಿ. ಹೆದರಿಸುವುದು ಮೊದಲನೆಯದು.

ಇನ್ನೊಂದು ಗೊಂದಲ: ಮುಟ್ಟು ನಿಂತವರಿಗೆ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ಗಳನ್ನೂ ಇದೇ ಸಾಲಿಗೆ ಸೇರಿಸುತ್ತಾರೆ. ಅವುಗಳ ಕೆಲಸವೇ ಬೇರೆ. ಅವು ದೇಹದಲ್ಲಿ ಈಸ್ಟ್ರೊಜನ್ ತಯಾರಾಗುವುದನ್ನೇ ತಡೆಯುತ್ತವೆ. ಅವುಗಳ ಜೊತೆ ಹೆಚ್ಚಾಗಿ ಕೇಳಿಬರುವ ದೂರು ಕಣ್ಣು ಒಣಗಿ ಉರಿಯುವುದು.

ಓಸಿಟಿ ಎಂಬ ತಪಾಸಣೆಯ ಹೆಸರನ್ನಂತೂ ಈ ಬರಹಗಳಲ್ಲಿ ಕಾಣೆ. ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳು ಓದುವ ಮೈಕೆಲ್ಸನ್ ವ್ಯತಿಕರಣಮಾಪಕದ ತತ್ತ್ವವೇ ಅದು. ಅವಕೆಂಪು ಬೆಳಕಿನಿಂದ ಅಕ್ಷಿಪಟಲದ ಪದರಗಳನ್ನು ಕೆಲವೇ ಮೈಕ್ರೊಮೀಟರ್ ಸೂಕ್ಷ್ಮತೆಯಲ್ಲಿ ತೋರಿಸುತ್ತದೆ. ಮುಟ್ಟುವುದೂ ಇಲ್ಲ, ನೋವೂ ಇಲ್ಲ. ಆದರೆ ಬೆಳ್ತಂಗಡಿಯಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಯಾವಾಗ ಹೋಗಬೇಕೆಂದು ತಿಳಿಸುವುದು ಅಂಕಣದ ಕೆಲಸವಾಗಿತ್ತು. ಔಷಧ ಆರಂಭಿಸುವಾಗ ಒಮ್ಮೆ ಕಣ್ಣು ತೋರಿಸಿಕೊಂಡಿರುವುದು ಒಳ್ಳೆಯದು. ಆಮೇಲೆ ನೋಟದ ನಡುಭಾಗ ಮಸುಕಾದರೆ, ಕಿಟಕಿಯ ನೆಟ್ಟಗಿನ ಸರಳು ಡೊಂಕಾಗಿ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮಾತ್ರೆಯ ಹೆಸರನ್ನೂ ಎಷ್ಟು ವರ್ಷದಿಂದ ನುಂಗುತ್ತಿದ್ದೇವೆಂಬುದನ್ನೂ ಅವರಿಗೆ ಹೇಳಬೇಕು. ಮಾತ್ರೆ ಮುಂದುವರಿಯಬೇಕೆ ಎಂಬುದನ್ನು ಅವರು ಕ್ಯಾನ್ಸರ್ ವೈದ್ಯರೊಡನೆ ಮಾತಾಡಿ ತೀರ್ಮಾನಿಸುತ್ತಾರೆ.