ಮಣ್ಣಿನ ಮೇಲೆ ಗೂಬೆ ಕೂರಿಸುವ ಮುನ್ನ

ಹಿತ್ತಲಿನ ಬೆಂಡೆಗಿಡ ಒಂದಷ್ಟು ವಾರ ದಂಡಿಯಾಗಿ ಕಾಯಿ ಕೊಟ್ಟು, ಆಮೇಲೆ ತುದಿ ಮುದುಡಿಕೊಂಡು ನಿಂತಿತೆಂದರೆ ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಮಣ್ಣಲ್ಲಿ ಸತ್ವ ಇಲ್ಲ, ಇನ್ನೊಂದು ಬೊಗಸೆ ಗೊಬ್ಬರ ಹಾಕಿ. ನಾನೂ ವರ್ಷಗಟ್ಟಲೆ ಹಾಕಿದವನೇ. ಈಗ ಆ ಮಾತನ್ನು ನಂಬುವುದಿಲ್ಲ.

ಅದೇ ಗಿಡದ ಎಲೆ ಸರಿಸಿ ನೋಡಿ. ಕಾಂಡದ ಮರೆಯಲ್ಲಿ ಕಣ್ತಪ್ಪಿ ಉಳಿದ ಕಾಯಿ ಇರುತ್ತದೆ. ಗೇಣುದ್ದ ಬೆಳೆದು, ಏಣು ಎದ್ದು, ತುದಿ ಮುರಿಯಹೋದರೆ ಚಟ್ಟನೆ ಮುರಿಯದೆ ನಾರಿನಂತೆ ಬಾಗುವಂಥದ್ದು. ಗಿಡದ ಬೆಳವಣಿಗೆ ನಿಲ್ಲಲು ಅಂಥವು ಎರಡು-ಮೂರು ಇದ್ದರೆ ಸಾಕು.

ಎಲೆ ತಯಾರಿಸುವ ಸಕ್ಕರೆಗೆ ಚಿಗುರು, ಬೇರು, ಕಾಯಿ ಮೂವರೂ ಪಾಲುದಾರರು. ಬೀಜ ಬಲಿಯುತ್ತಿರುವ ಕಾಯಿ ಇವರಲ್ಲಿ ದೊಡ್ಡ ಬಾಯಿಯದು. ಮಿಕ್ಕವರ ಪಾಲನ್ನೂ ಎಳೆದುಕೊಳ್ಳುತ್ತದೆ. 1926ರಲ್ಲಿ ಅಮೆರಿಕದ ಸಂಶೋಧಕ ಮರ್ನೀಕ್ ಟೊಮೆಟೊದಲ್ಲೂ, 1934ರಲ್ಲಿ ಮೆಕಲಮ್ ಸೌತೆಯಲ್ಲೂ ತೋರಿಸಿದ್ದು ಇದನ್ನೇ: ಕಾಯಿಯ ಹೊರೆ ಏರಿದಂತೆ ಗಿಡದ ಬೆಳವಣಿಗೆ ಕುಗ್ಗುತ್ತದೆ. ಬೇರಿನ ಬೆಳವಣಿಗೆಯೂ ಆಗ ತಗ್ಗುತ್ತದೆ. ಹೀರಬೇಕಾದ ಬೇರೇ ಸೊರಗಿರುವಾಗ ಬುಡಕ್ಕೆ ಸುರಿದ ಗೊಬ್ಬರ ಯಾರಿಗೆ?

ಕರಾವಳಿಯ ಹಿತ್ತಲುಗಳಲ್ಲಿ ಇದರ ಎರಡೂ ಮುಖ ಕಾಣುತ್ತವೆ. ಮುಳ್ಳುಸೌತೆಯನ್ನು ಎಳತಿನಲ್ಲೇ ಕೊಯ್ಯುತ್ತಾರೆ, ಬಳ್ಳಿ ಮತ್ತೆ ಮತ್ತೆ ಹೂ ಬಿಡುತ್ತದೆ. ಸಾಂಬಾರಿನ ಮಂಗಳೂರು ಸೌತೆಯನ್ನು ಬಲಿಯಲು ಬಿಟ್ಟು, ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುತ್ತಾರೆ. ಆ ಹೊತ್ತಿಗೆ ಬಳ್ಳಿಯ ಕಥೆಯೂ ಮುಗಿದಿರುತ್ತದೆ. ಅದನ್ನು ಯಾರೂ ಮಣ್ಣಿನ ತಪ್ಪೆನ್ನುವುದಿಲ್ಲ. ಬೆಂಡೆಗೆ ಮಾತ್ರ ಬೇರೆ ನ್ಯಾಯವೇಕೋ!

ಗೊಬ್ಬರವೇ ಬೇಡವೆಂದಲ್ಲ. ಬುಡದ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗುತ್ತ ಬಂದರೆ ಸಾರಜನಕದ ಕೊರತೆ ಇದ್ದೀತು. ಕೆಲವು ಟೊಮೆಟೊ ತಳಿಗಳು ತುದಿಯಲ್ಲೇ ಹೂಗೊಂಚಲು ಬಿಟ್ಟು ತಾವಾಗಿ ನಿಲ್ಲುತ್ತವೆ, ಅದು ತಳಿಗುಣ. ಆದರೆ ಎಲೆ ಹಸಿರಾಗಿಯೇ ಇದ್ದು ತುದಿಯಷ್ಟೇ ನಿಂತಿದ್ದರೆ ನಾನು ಮೊದಲು ಅನುಮಾನಿಸುವುದು ಬಲಿತ ಕಾಯನ್ನು.

ಇನ್ನೊಂದು ಅಭ್ಯಾಸವೂ ಬಿಡಬೇಕಾದ್ದು: ಮೊದಲ ಒಳ್ಳೆಯ ಕಾಯನ್ನು ಬೀಜಕ್ಕೆಂದು ಉಳಿಸಿ, ಅದೇ ಗಿಡದಿಂದ ಅಡುಗೆಗೂ ಕಾಯಿ ಬಯಸುವುದು. ಬೀಜಕ್ಕೆ ಒಂದು ಗಿಡವನ್ನೇ ಬಿಟ್ಟುಕೊಡಿ. ಉಳಿದವನ್ನು ಎರಡು ದಿನಕ್ಕೊಮ್ಮೆ, ಊರಿಗೆ ಹೋಗುವ ಹಿಂದಿನ ದಿನವಂತೂ ತಪ್ಪದೆ, ಕೊಯ್ದುಬಿಡಿ.